ಗಂಟಲಿನ ಕ್ಯಾನ್ಸರ್ ಶಸ್ತ್ರಕ್ರಿಯೆ ಮತ್ತು ಗಂಟಲಿನ ಮರುರಚನೆ

ಗಂಟಲಿನ ಕ್ಯಾನ್ಸರ್‌ಗೆ ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ಹೇಳಿದಾಗ ಮನೆಯವರಲ್ಲಿ ಏಳುವ ಪ್ರಶ್ನೆಗಳು ಎರಡು: ಇನ್ನು ಊಟ ಮಾಡಲಾದೀತೇ? ಮಾತು ಬಂದೀತೇ? ಮಾತು ಹೋಗುತ್ತದೆಂಬ ಹೆದರಿಕೆಯಿಂದ ಚಿಕಿತ್ಸೆಯನ್ನೇ ಮುಂದೂಡುವವರಿದ್ದಾರೆ. ಅಂಥ ಕುಟುಂಬಗಳಿಗೂ, ರೋಗಿಗಳ ಮನೆಗೆ ಹೋಗುವ ಧರ್ಮಭಗಿನಿಯರು ಹಾಗೂ ವಾಳೆಯ ಗುರಿಕಾರರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಏನನ್ನು ತೆಗೆಯುತ್ತಾರೆ?

ಉಸಿರಿನ ದಾರಿ ಮತ್ತು ಅನ್ನದ ದಾರಿ ಗಂಟಲಿನಲ್ಲಿ ಒಂದಾಗಿದ್ದು ಕೆಳಗೆ ಕವಲೊಡೆಯುತ್ತವೆ. ಆ ಕವಲಿನಲ್ಲಿ ಧ್ವನಿಪೆಟ್ಟಿಗೆ ಇದೆ. ರೋಗ ಆರಂಭದ ಹಂತದಲ್ಲಿದ್ದರೆ ವಿಕಿರಣ ಚಿಕಿತ್ಸೆ ಅಥವಾ ಲೇಸರ್‌ನಿಂದ ಅದನ್ನು ಉಳಿಸಿಕೊಳ್ಳಲು ಸಾಧ್ಯ. ಬೆಳೆದಿದ್ದರೆ ಪೂರ್ತಿ ತೆಗೆಯಬೇಕಾಗಬಹುದು. ಈ ಶಸ್ತ್ರಕ್ರಿಯೆಯನ್ನು ಕ್ಯಾನ್ಸರ್‌ಗಾಗಿ ಮೊದಲು ಮಾಡಿದವರು ವಿಯೆನ್ನಾದ ಥಿಯೋಡೋರ್ ಬಿಲ್‌ರೋತ್, 1873ರಲ್ಲಿ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗದ ಚರ್ಮಕ್ಕೆ ಹೊಲಿಯುತ್ತಾರೆ. ಮುಂದೆ ಜೀವಮಾನವಿಡೀ ಉಸಿರಾಟ ಆ ರಂಧ್ರದಿಂದಲೇ.

ಅನ್ನದ ದಾರಿಯ ಮರುರಚನೆ

ಧ್ವನಿಪೆಟ್ಟಿಗೆ ಮಾತ್ರ ಹೋಗಿದ್ದರೆ ಉಳಿದ ಗಂಟಲನ್ನೇ ಕೂಡಿಸಿ ಹೊಲಿಯಬಹುದು. ಗಂಟಲಿನ ಗೋಡೆಯೂ ಹೋಗಿದ್ದರೆ ದೇಹದ ಬೇರೆ ಭಾಗದಿಂದ ಅಂಗಾಂಶ ತರಬೇಕು. 1979ರಲ್ಲಿ ಸ್ಟೀಫನ್ ಏರಿಯನ್ ವಿವರಿಸಿದ ಕ್ರಮದಲ್ಲಿ ಎದೆಯ ಸ್ನಾಯುವನ್ನು ಚರ್ಮಸಹಿತ ಎಬ್ಬಿಸಿ, ರಕ್ತನಾಳ ಕಡಿಯದೆ, ಕತ್ತಿಗೆ ತಿರುಗಿಸುತ್ತಾರೆ. ಇನ್ನೊಂದು ಕ್ರಮದಲ್ಲಿ ಮುಂಗೈ ಅಥವಾ ತೊಡೆಯ ಚರ್ಮವನ್ನು ರಕ್ತನಾಳಸಹಿತ ತೆಗೆದು, ಕೊಳವೆಯಂತೆ ಸುತ್ತಿ, ಸೂಕ್ಷ್ಮದರ್ಶಕದ ನೆರವಿನಿಂದ ಕತ್ತಿನ ರಕ್ತನಾಳಗಳಿಗೆ ಜೋಡಿಸುತ್ತಾರೆ. ಸಣ್ಣ ಕರುಳಿನ ತುಂಡನ್ನು ಹೀಗೆ ಜೋಡಿಸುವ ಕ್ರಮ 1959ರಿಂದಲೂ ಇದೆ. ಅನ್ನನಾಳವನ್ನೂ ತೆಗೆಯಬೇಕಾದಾಗ ಜಠರವನ್ನೇ ಮೇಲಕ್ಕೆಳೆದು ಗಂಟಲಿಗೆ ಸೇರಿಸುವುದುಂಟು.

ಮೊದಲೇ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ. ಹೊಲಿಗೆಯಿಂದ ಜೊಲ್ಲು ಸೋರುವ ಅಪಾಯವೂ ಹೆಚ್ಚು. ಆದುದರಿಂದ ಗಾಯ ಕೂಡುವ ತನಕ ಮೂಗಿನ ಅಥವಾ ಹೊಟ್ಟೆಯ ನಳಿಗೆಯಿಂದ ಆಹಾರ ಕೊಡುತ್ತಾರೆ. ವೈದ್ಯರು ಹೇಳುವ ಮುನ್ನ ಪ್ರೀತಿಯಿಂದಲೂ ಒಂದು ಗುಟುಕು ಗಂಜಿ ಕುಡಿಸಬಾರದು.

ಮಾತು ಮರಳುವ ದಾರಿಗಳು

ದಾರಿಗಳು ಮೂರು. ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಂತೆ ಹೊರಬಿಟ್ಟು ಮಾತನಾಡುವುದು ಒಂದು; ಇದಕ್ಕೆ ಬಹಳ ಅಭ್ಯಾಸ ಬೇಕು. ಕತ್ತಿಗೆ ಹಿಡಿಯುವ ಬ್ಯಾಟರಿ ಯಂತ್ರ ಎರಡನೆಯದು. ಅದರ ಸ್ವರ ಯಾಂತ್ರಿಕವಾಗಿರುತ್ತದೆ. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಚಿಕ್ಕ ಕವಾಟ ಕೂರಿಸುವುದು ಮೂರನೆಯದು. 1980ರಲ್ಲಿ ಅಮೆರಿಕದ ಬ್ಲೋಮ್ ಮತ್ತು ಸಿಂಗರ್ ಇದನ್ನು ಪ್ರಕಟಿಸಿದರು. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಶ್ವಾಸಕೋಶದ ಗಾಳಿ ಗಂಟಲಿಗೆ ಹೋಗಿ ಸ್ವರ ಹೊರಡುತ್ತದೆ. ಕವಾಟವನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ವಿದೇಶೀ ಕವಾಟ ದುಬಾರಿ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಬಡವರಿಗಾಗಿ 'ಓಂ' ಹೆಸರಿನ ಅತಿ ಅಗ್ಗದ ಕವಾಟ ರೂಪಿಸಿದ್ದಾರೆ.

ಇವೆಲ್ಲಕ್ಕೂ ವಾಕ್ ಚಿಕಿತ್ಸಕರ ತರಬೇತಿ ಅಗತ್ಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ವಾಕ್ ಶ್ರವಣ ಕಾಲೇಜು ನಮಗೆ ಹತ್ತಿರದವು. ಬಿಪಿಎಲ್ ಕಾರ್ಡುದಾರರು ಖರ್ಚಿನ ಕುರಿತು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಮನೆಯವರೂ ಭೇಟಿಕಾರರೂ ಗಮನಿಸಬೇಕಾದುದು

* ತುರ್ತು ಸಂದರ್ಭದಲ್ಲಿ ಆಮ್ಲಜನಕವನ್ನು ಕತ್ತಿನ ರಂಧ್ರಕ್ಕೇ ಕೊಡಬೇಕು, ಬಾಯಿಗಲ್ಲ. ಇದನ್ನು ಬರೆದ ಚೀಟಿ ಕಿಸೆಯಲ್ಲಿರಲಿ.
* ರಂಧ್ರಕ್ಕೆ ನೀರು ಹೋದರೆ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಹೊಳೆ, ಕಡಲಿಗಿಳಿಯುವಂತಿಲ್ಲ. ಮೀನುಗಾರಿಕೆಯವರು ದೋಣಿ ಹತ್ತುವ ಮುನ್ನ ವೈದ್ಯರನ್ನು ಕೇಳಬೇಕು.
* ಧೂಳು, ಧೂಪದ ಹೊಗೆ ಕೆಮ್ಮು ತರಿಸುತ್ತದೆ. ತೆಳು ಬಟ್ಟೆಯ ಮುಸುಕು ಇರಲಿ, ದೇವಾಲಯದಲ್ಲಿ ಕಿಟಕಿಯ ಬಳಿ ಆಸನ ಕೊಡಿ.
* ವಾಸನೆ ತಿಳಿಯುವುದು ಕಡಿಮೆ. ಗ್ಯಾಸ್ ಸೋರಿಕೆ, ಹಳಸಿದ ಅನ್ನ ಬೇರೆಯವರು ನೋಡಿಕೊಳ್ಳಬೇಕು.
* ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಕಿರುಚಿ ಮಾತನಾಡಬೇಡಿ. ಅವರ ಮಾತನ್ನು ನೀವೇ ಮುಗಿಸದೆ ಕಾಯಿರಿ.

ಸ್ವರ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ, ನುಂಗುವಾಗ ನೋವಿದ್ದರೆ ಅಥವಾ ಕತ್ತಿನಲ್ಲಿ ಗಂಟು ಕಂಡರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಎಲೆಯಡಿಕೆ, ಮದ್ಯ ಇವು ಈ ರೋಗದ ಮುಖ್ಯ ಕಾರಣಗಳು. ಬೇಗ ಹೋದವರಿಗೆ ಜೀವದ ಜೊತೆ ಸ್ವಂತ ಸ್ವರವೂ ಉಳಿಯುವ ಸಾಧ್ಯತೆ ಹೆಚ್ಚು.