ಶಾಲೆಯ ಟಿವಿಯಿಂದ ಮನೆಯ ಭಂಡಾರಕ್ಕೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಜನ ಟಿವಿ ನೋಡಿದ್ದರು. ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿ ಹೊತ್ತ ನಾಡು ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ಮುಂದಿತ್ತು. ಆ ಹೆಮ್ಮೆ ಇಲ್ಲಿನವರಿಗೆ ಸಲ್ಲಲೇಬೇಕು.

ಅದು ಉಪಗ್ರಹ ಟಿವಿ ಪ್ರಯೋಗ. ‘ಸೈಟ್’ ಎಂದು ಅದರ ಹೆಸರು. ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಒಂದು ವರ್ಷಕ್ಕೆ ಎರವಲು ಪಡೆದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಪ್ರಸಾರ ನಡೆಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ಹಳ್ಳಿಯಲ್ಲಿ ಈ ಪ್ರಸಾರ ಹಿಡಿಯುತ್ತಿದ್ದ ಸಲಕರಣೆಯನ್ನು ಹತ್ತಿರದಿಂದ ನೋಡಬೇಕು. ಸುಮಾರು ಹತ್ತು ಅಡಿ ಅಗಲದ ಡಿಶ್. ಅದರ ಮೈಗೆಲ್ಲ ಕೋಳಿಗೂಡಿಗೆ ಹೊಡೆಯುವ ತಂತಿಬಲೆ. ಗಾಳಿ ಬಲೆಯ ಕಣ್ಣುಗಳೊಳಗೆ ಹಾದುಹೋಗುತ್ತಿತ್ತು, ತೂಕ ಕಡಿಮೆ, ಖರ್ಚೂ ಕಡಿಮೆ. ಅಹಮದಾಬಾದಿನ ಇಸ್ರೋ ಎಂಜಿನಿಯರರು ಹಳ್ಳಿಗೆಂದೇ ಯೋಚಿಸಿ ರೂಪಿಸಿದ ಡಿಶ್ ಅದು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಒಂದಿಷ್ಟು ಮನರಂಜನೆ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲವೂ ಇತ್ತು. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಟಿವಿ ಬ್ಯಾಟರಿಯ ಮೇಲೆ ನಡೆಯಿತು. ಕಡಿಮೆ ವಿದ್ಯುತ್ತಿನಲ್ಲಿ ಚಿತ್ರ ತೋರಿಸುವ ಚಿಂತೆ ಆಗಲೇ ಇತ್ತು.

ವರ್ಷ ತುಂಬಿತು, ಉಪಗ್ರಹ ಹೋಯಿತು. 1977ರಲ್ಲಿ ಕಲಬುರಗಿಗೆ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. 1966ರಿಂದಲೇ ಅಲ್ಲಿ ಆಕಾಶವಾಣಿ ಇತ್ತು. ಆದರೆ ರೇಡಿಯೊ ಆಗಲಿ ಟಿವಿ ಆಗಲಿ, ಬಂದದ್ದು ಬಂದ ಹಾಗೇ ಹೋಗುತ್ತಿತ್ತು. ಇನ್ನೊಮ್ಮೆ ಕೇಳಬೇಕೆಂದರೆ ಕೇಂದ್ರದವರೇ ಮತ್ತೆ ಹಾಕಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಕ್ಯಾಸೆಟ್. ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರೆ ಜಾತ್ರೆಯ ಭಜನೆ, ರಾತ್ರಿಯಿಡೀ ನಡೆದ ತತ್ವಪದ, ಅಜ್ಜಿಯ ಸೋಬಾನೆ ಹಾಡು ಎಲ್ಲವೂ ಮನೆಯ ಆಸ್ತಿ. ಆಮೇಲೆ ಮದುವೆಯ ವಿಡಿಯೊ ಕ್ಯಾಸೆಟ್ ಬಂತು, ಸಿಡಿ ಬಂತು. ಮುಂದೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲ. 2016ರ ನಂತರ ಅಗ್ಗದ ಡೇಟಾ ಸಿಕ್ಕಿದ ಮೇಲೆ ಆ ಕಾರ್ಡುಗಳೂ ಮೂಲೆಗೆ ಬಿದ್ದವು. ಈಗ ಹಾಡು ಬೇಕೆಂದಾಗ ಇಂಟರ್ನೆಟ್ಟಿನಿಂದ ಬರುತ್ತದೆ. ಆದರೆ 1976ರಲ್ಲಿ ಇದ್ದಂತೆಯೇ ಅದು ಇನ್ನೊಬ್ಬರ ಕೈಯಲ್ಲಿದೆ. ಹಾಡು ಕೊಡುವ ಕಂಪನಿ ತೆಗೆದುಹಾಕಿದ ದಿನ ಅದು ಮಾಯ.

ಹಾಡು, ವಿಡಿಯೊ ಕೂಡಿಟ್ಟು ಬೇಕಾದಾಗ ಕೊಡುವ ಒಂದು ಪುಟ್ಟ ಮೀಡಿಯಾ ಸರ್ವರನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸಕ್ಕೆ ಬೆಲೆ ಬರುವುದು ಇಲ್ಲಿಯೇ. 2012ರಲ್ಲಿ ಬ್ರಿಟನ್ನಿನಿಂದ ರಾಸ್ಪ್‌ಬೆರಿ ಪೈ ಬಂತು. ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್. 2018ರ ಕೊನೆಗೆ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಶುರುವಾಯಿತು. ಪೈಗೆ ಒಂದು ಹಾರ್ಡ್ ಡಿಸ್ಕ್ ಜೋಡಿಸಿ, ಜೆಲ್ಲಿಫಿನ್ ಹಾಕಿ, ಮನೆಯ ವೈಫೈಗೆ ಸೇರಿಸಿದರೆ ಟಿವಿ, ಮೊಬೈಲ್ ಎಲ್ಲದರಲ್ಲೂ ಮನೆಯ ಸಂಗ್ರಹ ತೆರೆದುಕೊಳ್ಳುತ್ತದೆ. ಹೊರಗಿನ ಇಂಟರ್ನೆಟ್ ಕಡಿದುಹೋದರೂ ಹಾಡು ನಿಲ್ಲದು.

ವಿದ್ಯುತ್ತಿನ ಲೆಕ್ಕವೂ ಸರಳ. ದಿನವಿಡೀ ಐದು ವ್ಯಾಟ್ ಎಳೆಯುವ ಇಂಥ ಪುಟ್ಟ ಪೆಟ್ಟಿಗೆಗೆ ತಿಂಗಳಿಗೆ 3.6 ಯೂನಿಟ್ ಸಾಕು. ಎಂಬತ್ತು ವ್ಯಾಟಿನ ಹಳೆ ಡೆಸ್ಕ್‌ಟಾಪನ್ನು ಹಾಗೇ ಹಚ್ಚಿಟ್ಟರೆ 57 ಯೂನಿಟ್ ದಾಟುತ್ತದೆ.

ಕಲಬುರಗಿ ಜಿಲ್ಲೆಯ ನಾಲವಾರ, ವಾಡಿ, ಶಹಾಬಾದ್ ಕಡೆ ಇದನ್ನು ಕಟ್ಟುವವರು ಬಿಸಿಲು ಮತ್ತು ಧೂಳನ್ನು ಮೊದಲು ನೆನೆಯಬೇಕು. ಇದು ಸುಣ್ಣಕಲ್ಲಿನ ಸೀಮೆ: ಫರ್ಸಿ ಕಲ್ಲಿನ ಗಣಿ, ಪಾಲಿಶ್ ಮಷೀನು, ಸಿಮೆಂಟ್ ಕಾರ್ಖಾನೆ. ಫ್ಯಾನ್ ಇರುವ ಕಂಪ್ಯೂಟರ್ ಆ ಪುಡಿಯನ್ನು ಒಳಗೆಳೆದುಕೊಂಡು ಬೇಗ ಉಸಿರುಗಟ್ಟುತ್ತದೆ. ಫ್ಯಾನಿಲ್ಲದ, ಅಲ್ಯೂಮಿನಿಯಂ ಕವಚವೇ ಶಾಖ ಹೊರಹಾಕುವ ಪೆಟ್ಟಿಗೆ ಇಲ್ಲಿಗೆ ಸರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಅದನ್ನು ಮುಚ್ಚಿದ ಅಲ್ಮಾರಿಯಲ್ಲಿ ಇಡದೆ ಗಾಳಿಯಾಡುವ ಕಡೆ ಇಡಬೇಕು. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಕೆಡದಿರಲು ಚಿಕ್ಕ ಯುಪಿಎಸ್ ಬೇಕೇ ಬೇಕು. ತೆಲಂಗಾಣದ ಗಡಿಗೆ ಅಂಟಿದ ಸೇಡಂ, ಚಿಂಚೋಳಿಯ ಮನೆಗಳಿಗೆ ಇನ್ನೊಂದು ಲಾಭ: ಒಂದೇ ಸಿನಿಮಾಕ್ಕೆ ಕನ್ನಡ, ತೆಲುಗು ಎರಡೂ ಧ್ವನಿ ಇಟ್ಟುಕೊಂಡು ಬೇಕಾದ್ದನ್ನು ಆರಿಸಬಹುದು. ಸೈಟ್ ಪ್ರಯೋಗದ ಎಂಜಿನಿಯರರಿಗೆ ಈ ಏರ್ಪಾಡು ಚೆನ್ನಾಗಿ ಗೊತ್ತಿತ್ತು.

ಹೊಸ ಸಿನಿಮಾ ತುಂಬುವುದಕ್ಕಷ್ಟೇ ಈ ಪೆಟ್ಟಿಗೆ ಬಳಕೆಯಾದರೆ ದೊಡ್ಡ ಅವಕಾಶ ಕೈತಪ್ಪಿದಂತೆ. ಟ್ರಂಕುಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳ ಟೇಪಿಗೆ ಬೂಸ್ಟು ಹಿಡಿಯುತ್ತಿದೆ. ಅವನ್ನು ನುಡಿಸುವ ಯಂತ್ರಗಳು ಕಡಿಮೆಯಾಗುತ್ತಿವೆ, ರಿಪೇರಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಹಿರಿಯರ ದನಿಯಿರುವ ಕ್ಯಾಸೆಟ್ ಇದ್ದವರು ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ. ಒಂದು ಪ್ರತಿ ಸರ್ವರಿನಲ್ಲಿರಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿರಲಿ.