ಅರಸನ ನುಡಿ, ಊರವರ ನುಡಿ: ‘ಡ್ರ್ಯಾಗನ್ ಕ್ವೆಸ್ಟ್’ ಆಟದ ಇಂಗ್ಲಿಷ್ ಸ್ಥಳೀಕರಣದಲ್ಲಿ ಮಧ್ಯಮಪುರುಷ ಸರ್ವನಾಮ

2024ರ ನವೆಂಬರ್ 14ರಂದು ‘ಡ್ರ್ಯಾಗನ್ ಕ್ವೆಸ್ಟ್ 3’ ಎಂಬ ಜಪಾನೀ ವಿಡಿಯೋ ಆಟದ ಹೊಸ ರೂಪವು ಜಪಾನಿನಲ್ಲಿಯೂ ಹೊರದೇಶಗಳಲ್ಲಿಯೂ ಒಂದೇ ದಿನ ಬಿಡುಗಡೆಯಾಯಿತು. ಆಡುವವರು ಕಥಾನಾಯಕನ ಪಾತ್ರ ವಹಿಸಿ ಮಾಯಾಲೋಕದಲ್ಲಿ ಸಂಚರಿಸುವ ಈ ಮಾಲಿಕೆಯ ಮೊದಲ ಆಟವು 1986ರ ಮೇ ತಿಂಗಳಿನಲ್ಲಿ ಜಪಾನಿನಲ್ಲಿ ಪ್ರಕಟವಾಗಿತ್ತು. ಅದು ‘ಡ್ರ್ಯಾಗನ್ ವಾರಿಯರ್’ ಎಂಬ ಹೆಸರಿನಲ್ಲಿ ಅಮೆರಿಕವನ್ನು ತಲುಪಿದ್ದು 1989ರ ಆಗಸ್ಟ್‌ನಲ್ಲಿ. ಈ ಅಂತರವನ್ನು ಸಾಮಾನ್ಯವಾಗಿ ಮಾರುಕಟ್ಟೆಯ ಚರಿತ್ರೆಯಾಗಿ ವಿವರಿಸಲಾಗುತ್ತದೆ. ನಾವು ಇಲ್ಲಿ ಅದನ್ನು ಒಂದು ಸರ್ವನಾಮದ ಚರಿತ್ರೆಯಾಗಿ ಓದಲು ಯತ್ನಿಸುತ್ತೇವೆ. ಸ್ಥಳೀಕರಣದಲ್ಲಿ ಉಳಿಯುವುದು ಅಥವಾ ಅಳಿಯುವುದು ಪದಗಳಲ್ಲ, ಪದಗಳ ನಡುವಣ ಭೇದಗಳು ಎಂಬುದು ನಮ್ಮ ವಾದ.

ಮೂಲ ಆಟದ ಭಾಷೆಯನ್ನು ಯಂತ್ರದ ಮಿತಿಯೂ ರೂಪಿಸಿತ್ತು. ಚಿತ್ರ, ಸಂಗೀತ, ಪಠ್ಯ ಎಲ್ಲವೂ 64 ಕಿಲೋಬೈಟ್‌ಗಳಲ್ಲಿ ಅಡಕವಾಗಬೇಕಿತ್ತು. ಆದ್ದರಿಂದ ಕಥೆಗಾರ ಯೂಜಿ ಹೋರಿಯಿ ಅವರ ಪಠ್ಯದಲ್ಲಿ ಕಾಂಜಿ ಲಿಪಿಯಿಲ್ಲ. ಹಿರಾಗಾನಾ ಲಿಪಿಯ ಜೊತೆಗೆ ಕತಕಾನಾದ ಸುಮಾರು 20 ಅಕ್ಷರಗಳಷ್ಟೇ ಇದ್ದವು. ಮಂತ್ರಗಳ ಹೆಸರುಗಳು ಈ ಕೆಲವೇ ಅಕ್ಷರಗಳಿಂದ ಹುಟ್ಟಿದವು. ಗಾಯ ಮಾಯಿಸುವ ಮಂತ್ರ ‘ಹೊಯಿಮಿ’, ಅದರ ಪ್ರಬಲ ರೂಪ ‘ಬೆಹೊಯಿಮಿ’. ಬೆಂಕಿಯ ಮಂತ್ರ ‘ಗಿರಾ’, ಅದರ ಪ್ರಬಲ ರೂಪ ‘ಬೆಗಿರಾಮ’. ಈ ಧಾತುಗಳಿಗೆ ನಿಘಂಟಿನ ಅರ್ಥವಿಲ್ಲ. ಆದರೂ ಎರಡು ಜೋಡಿಗಳನ್ನು ಕಂಡೊಡನೆ ‘ಬೆ-’ ಎಂಬುದು ಆಧಿಕ್ಯಸೂಚಕ ಪೂರ್ವಪ್ರತ್ಯಯವೆಂದು ಆಟಗಾರ ಊಹಿಸಬಲ್ಲ. ಇಂಗ್ಲಿಷ್ ಅನುವಾದವು ಇವನ್ನು ‘ಹೀಲ್’, ‘ಹೀಲ್‌ಮೋರ್’, ‘ಹರ್ಟ್’, ‘ಹರ್ಟ್‌ಮೋರ್’ ಎಂದು ಮಾಡಿತು. ಪದಗಳ ನಿಗೂಢತೆ ಹೋಯಿತು; ಭೇದ ಮಾತ್ರ ಉಳಿಯಿತು. ಪೂರ್ವಪ್ರತ್ಯಯದ ಕೆಲಸವನ್ನು ಪದಾಂತ್ಯದ ‘ಮೋರ್’ ವಹಿಸಿಕೊಂಡಿತು.

ಸಂಭಾಷಣೆಯಲ್ಲಿ ಹೀಗಾಗಲಿಲ್ಲ. ಜಪಾನೀ ಪಠ್ಯದ ಅರಸನು ನಾಯಕನನ್ನು ‘ಸೊನಾತಾ’ ಎಂಬ ಹಳೆಯ ಸರ್ವನಾಮದಿಂದ ಸಂಬೋಧಿಸುತ್ತಾನೆ. ಅವನ ಕ್ರಿಯಾಪದಗಳೂ ಹಳಗಾಲದ ರೂಪದವು. ಊರ ಜನರಾದರೋ ಬಹುಮಟ್ಟಿಗೆ ಇಂದಿನ ಮಾತನ್ನೇ ಆಡುತ್ತಾರೆ. ವೃದ್ಧ, ಅರಸ, ಬಾಲಕ ಮೊದಲಾದ ಪಾತ್ರಗಳಿಗೆ ಮೀಸಲಾದ ಇಂತಹ ನುಡಿಗಟ್ಟುಗಳನ್ನು ಸತೋಶಿ ಕಿನ್‌ಸುಯಿ ಅವರು 2003ರ ತಮ್ಮ ಗ್ರಂಥದಲ್ಲಿ ‘ಯಾಕುವಾರಿಗೊ’, ಅಂದರೆ ಪಾತ್ರಭಾಷೆ, ಎಂದು ಕರೆದಿದ್ದಾರೆ. ಅದು ವಾಸ್ತವದ ಮಾತಿನ ದಾಖಲೆಯಲ್ಲ. ಕೇಳಿದೊಡನೆ ಆಡುವವನ ಚಿತ್ರವನ್ನು ಮನಸ್ಸಿಗೆ ತರುವ ಸಂಕೇತ.

1989ರ ಇಂಗ್ಲಿಷ್ ಪಠ್ಯವು ‘ದೌ’, ‘ದೈ’, ‘ಹ್ಯಾಸ್ಟ್’ ಮುಂತಾದ ಎಲಿಜಬೆತ್ ಕಾಲದ ರೂಪಗಳನ್ನು ಆರಿಸಿಕೊಂಡಿತು. ಆದರೆ ಅವು ಅರಸನ ಬಾಯಿಗಷ್ಟೇ ಸೀಮಿತವಾಗದೆ ಊರವರ ಮಾತಿಗೂ ಕಾಳಗದ ನಿರೂಪಣೆಗೂ ಹಬ್ಬಿದವು. ಎಲ್ಲರೂ ಅರಸನಂತೆ ಮಾತನಾಡಿದಾಗ ಅರಸನ ನುಡಿಗೆ ವೈಶಿಷ್ಟ್ಯವಿಲ್ಲ. ಮೂಲದಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವೆ ಇದ್ದ ಭೇದವು ಅನುವಾದದಲ್ಲಿ ಆಟದ ಲೋಕಕ್ಕೂ ಆಟಗಾರನ ಲೋಕಕ್ಕೂ ನಡುವಣ ಭೇದವಾಗಿ ಸ್ಥಳಾಂತರಗೊಂಡಿತು.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ‘ದೌ’ ಗೌರವವಾಚಕವಲ್ಲ, ಆಪ್ತರನ್ನೂ ಕೆಳಗಿನವರನ್ನೂ ಕರೆಯುವ ಏಕವಚನ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ವಿವೇಚಿಸಿದ ಅಧಿಕಾರ ಮತ್ತು ಆಪ್ತತೆಯ ಸರ್ವನಾಮಗಳಲ್ಲಿ ಇದೂ ಒಂದು. ಹದಿನೇಳನೆಯ ಶತಮಾನದಲ್ಲಿ ಅದು ಶಿಷ್ಟ ಇಂಗ್ಲಿಷಿನ ದಿನಬಳಕೆಯಿಂದ ಹಿಂದೆ ಸರಿಯಿತು. 1611ರ ಬೈಬಲ್ ಅನುವಾದ, ಪ್ರಾರ್ಥನೆ ಮತ್ತು ಕಾವ್ಯಗಳಲ್ಲಿ ಉಳಿಯಿತು. ಹೀಗೆ ಆಪ್ತತೆಯ ಪದವು ದೂರದ, ಭವ್ಯತೆಯ ಪದವಾಯಿತು. ಅರಸನು ನಾಯಕನನ್ನು ‘ದೌ’ ಎನ್ನುವುದು ಚರಿತ್ರೆಯ ದೃಷ್ಟಿಯಿಂದ ಸಾಧುವೇ. ಆದರೆ ಇಂದಿನ ಆಟಗಾರನ ಕಿವಿಗೆ ಕೇಳಿಸುವುದು ಮೇಲಿನವನು ಕೆಳಗಿನವನನ್ನು ಕರೆಯುವ ಏಕವಚನವಲ್ಲ, ಪ್ರಾಚೀನತೆಯ ಗಾಂಭೀರ್ಯ.

ಮುಂದಿನ ಅನುವಾದಗಳು ಈ ಆಯ್ಕೆಯೊಡನೆ ನಡೆಸಿದ ಸಂವಾದವೂ ಗಮನಾರ್ಹ. 2000ದ ಗೇಮ್ ಬಾಯ್ ಕಲರ್ ಆವೃತ್ತಿ ಹಳೆಯ ರೂಪಗಳನ್ನು ಕೈಬಿಟ್ಟಿತು. 2014ರ ಮೊಬೈಲ್ ಆವೃತ್ತಿ ಅವನ್ನು ಮರಳಿ ತಂದಿತು. ಅಷ್ಟರಲ್ಲಿ ‘ದೌ’ ಎಂಬುದು ಜಪಾನೀ ಮೂಲದ ಅನುವಾದವಾಗಿ ಮಾತ್ರವಲ್ಲ, 1989ರ ಇಂಗ್ಲಿಷ್ ಪಠ್ಯದ ಸ್ಮರಣೆಯಾಗಿಯೂ ಕೆಲಸಮಾಡುತ್ತಿತ್ತು. ಇನ್ನೊಂದೆಡೆ, 2005ರಲ್ಲಿ ಇಂಗ್ಲಿಷಿಗೆ ಬಂದ ಎಂಟನೆಯ ಆಟದಲ್ಲಿ ಯಾಂಗಸ್ ಎಂಬ ಪಾತ್ರ ಲಂಡನ್ನಿನ ಕಾಕ್ನಿ ಮಾತನ್ನಾಡಿತು. 2008ರಲ್ಲಿ ನಾಲ್ಕನೆಯ ಆಟದ ಅನುವಾದವು ಸ್ಕಾಟಿಷ್ ಮತ್ತು ರಷ್ಯನ್ ಉಚ್ಚಾರಗಳ ಛಾಯೆಯನ್ನು ಬರಹಕ್ಕೆ ತಂದಿತು. ಕಾಲದ ಭೇದದಿಂದ ಸಾಧಿಸಲಾಗದ ಪಾತ್ರಭೇದವನ್ನು ಅನುವಾದಕರು ಪ್ರದೇಶದ ಭೇದದಲ್ಲಿ ಹುಡುಕಿದರೆಂದು ನಾವು ಭಾವಿಸುತ್ತೇವೆ.

ಕನ್ನಡದಿಂದ ನೋಡಿದಾಗ ಈ ಚರಿತ್ರೆ ಬೇರೊಂದು ಬೆಳಕಿನಲ್ಲಿ ತೋರುತ್ತದೆ. ವಚನಕಾರರೂ ಹರಿದಾಸರೂ ದೈವವನ್ನು ಏಕವಚನದಲ್ಲಿಯೇ ಕರೆದರು. ಆದರೆ ‘ನೀನು’ ನಮ್ಮ ಮನೆಯ ಮಾತಿನಲ್ಲಿಯೂ ಜೀವಂತವಾಗಿರುವುದರಿಂದ ‘ದೌ’ ಪಡೆದ ದೂರವನ್ನು ಅದು ಪಡೆಯಲಿಲ್ಲ. ‘ನೀನು’, ‘ನೀವು’, ‘ತಾವು’ ಎಂಬ ಮೂರು ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ. ‘ಎಲೈ’ ಎಂಬ ಸಂಬೋಧನೆಯನ್ನು ಕೇಳಿದೊಡನೆ ಪೌರಾಣಿಕ ನಾಟಕದ ರಂಗವೇ ಕಣ್ಮುಂದೆ ಬರುತ್ತದೆ. ಅರ್ಥಾತ್, ಅರಸನನ್ನು ಊರವರಿಂದ ಬೇರ್ಪಡಿಸಲು ಬೇಕಾದ ಪಾತ್ರಭಾಷೆ ನಮ್ಮಲ್ಲಿ ಸಿದ್ಧವಾಗಿದೆ. ಇಂತಹ ಆಟವೊಂದನ್ನು ಇಂಗ್ಲಿಷ್ ಪಠ್ಯದಿಂದ ಕನ್ನಡಕ್ಕೆ ತಂದರೆ, ಇಂಗ್ಲಿಷಿನ ಒಂದೇ ‘ಯೂ’ ಅಥವಾ ಎಲ್ಲರ ಬಾಯಲ್ಲಿರುವ ‘ದೌ’ ನಮ್ಮ ಮೂರು ಮೆಟ್ಟಿಲುಗಳನ್ನು ಮರೆಮಾಡುವ ಅಪಾಯವಿದೆ. ಜಪಾನೀ ಮೂಲವನ್ನು ಎದುರಿಗಿಟ್ಟುಕೊಂಡವರಿಗೆ ಮಾತ್ರ ಯಾರು ಯಾರನ್ನು ಹೇಗೆ ಕರೆದರೆಂಬುದು ಕಾಣುತ್ತದೆ. ಮಧ್ಯದ ಭಾಷೆಯ ಬಡತನವನ್ನು ಮೂಲದ ಬಡತನವೆಂದು ತಿಳಿಯದಿರುವುದೇ ಕನ್ನಡದ ಅನುವಾದಕರಿಗೆ ಈ ಚರಿತ್ರೆ ಕಲಿಸುವ ಪಾಠ.