ಮತ ಎಣಿಸುವ ಮೊದಲು: ಸಭಾನಾಯಕತ್ವದಲ್ಲಿ ಆತ್ಮವಿವೇಚನೆ ನಡೆದುಬಂದ ದಾರಿ

ಸಭೆ ಸೊರಗಿತು ಎನ್ನಿಸಿದಾಗ ನಾವು ಮೊದಲು ಹುಡುಕುವುದು ಒಳ್ಳೆಯ ಬೋಧಕರನ್ನು, ಇಲ್ಲವೇ ಹೊಸ ಕಾರ್ಯಕ್ರಮವನ್ನು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ನಡುವೆ ಈಗ ಏಳುತ್ತಿರುವ ಪ್ರೇರಣೆ ದೇವರದೋ, ನಮ್ಮ ಆಸೆಯದೋ, ಅಧಿಕಾರ ಕೈತಪ್ಪೀತೆಂಬ ಭಯದ್ದೋ? ಕ್ರೈಸ್ತ ಸಭೆ ಈ ಪರೀಕ್ಷೆಯನ್ನು ಎರಡು ಸಾವಿರ ವರ್ಷಗಳಿಂದ ಬೇರೆಬೇರೆ ಬಗೆಯಲ್ಲಿ ಮಾಡುತ್ತ ಬಂದಿದೆ. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಮಾತು ಗಟ್ಟಿಯಾಗಿದೆ: ನಾಯಕರೊಬ್ಬರ ಭಕ್ತಿ ಎಷ್ಟೇ ಆಳವಾಗಿರಲಿ, ತಮಗೆ ಅನುಕೂಲವಾದ ಅನ್ಯಾಯ ಅವರ ಕಣ್ಣಿಗೆ ಬೀಳುವುದು ಕಷ್ಟ. ಅದನ್ನು ಕಾಣಿಸಲು ಮತ್ತೊಬ್ಬರ ದನಿ ಬೇಕು.

ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಿಂದಲೇ ಶುರುಮಾಡಬೇಕು. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಸೇರಿದ್ದ ಹಿರಿಯರ ಮುಂದಿದ್ದ ತಕರಾರು ಸಣ್ಣದಲ್ಲ. ಯೆಹೂದ್ಯರಲ್ಲದವರು ಸಭೆಗೆ ಸೇರಲು ಸುನ್ನತಿ ಮಾಡಿಸಿಕೊಳ್ಳಲೇಬೇಕೇ? ಪೇತ್ರನು ತನ್ನ ಅನುಭವವನ್ನು ಹೇಳಿದ, ಬಾರ್ನಬ ಮತ್ತು ಪೌಲ ತಾವು ಕಂಡದ್ದನ್ನು ವಿವರಿಸಿದರು, ಎಲ್ಲರೂ ಸುಮ್ಮನೆ ಕೇಳಿದರು. ಆಮೇಲೆ ಯಾಕೋಬನು ಪ್ರವಾದಿಗಳ ಗ್ರಂಥ ತೆರೆದು ತೀರ್ಪನ್ನು ಸೂಚಿಸಿದ. ಅಮೆರಿಕದ ಬೈಬಲ್ ವಿದ್ವಾಂಸ ಲ್ಯೂಕ್ ಟಿಮೊಥಿ ಜಾನ್ಸನ್ 1983ರಲ್ಲಿ ಸಭೆಯ ನಿರ್ಣಯಗಳ ಕುರಿತು ಪುಸ್ತಕ ಬರೆದಾಗ ಮುಖ್ಯವಾಗಿ ಎತ್ತಿ ತೋರಿಸಿದ್ದು ಇದನ್ನೇ. ಜನರ ಬದುಕಿನಲ್ಲಿ ದೇವರು ಮಾಡಿದ್ದನ್ನು ಮೊದಲು ಕೇಳಿ, ಅದರ ಬೆಳಕಿನಲ್ಲಿ ಶಾಸ್ತ್ರವನ್ನು ಮತ್ತೆ ಓದುವುದು ಅಲ್ಲಿನ ಕ್ರಮ.

ಆರಂಭದ ಸಭೆಗೆ ಮೋಸಗಾರರ ಕಾಟವೂ ಇತ್ತು. ಪುರಾತನ ಕೈಪಿಡಿಯಾದ ಡಿಡಾಖೆ ಅದಕ್ಕೆ ತೀರಾ ಸರಳವಾದ ಪರೀಕ್ಷೆ ಕೊಟ್ಟಿದೆ. ಊರಿಂದೂರಿಗೆ ಬರುವ ಅಪೊಸ್ತಲ ಮೂರು ದಿನ ತಳವೂರಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಯ ರೊಟ್ಟಿ ಬಿಟ್ಟು ಹಣ ಕೇಳಿದರೂ ಸುಳ್ಳು ಪ್ರವಾದಿ. ದೊಡ್ಡ ವೇದಿಕೆ ಕಟ್ಟಿ ನಡೆಯುವ ಇಂದಿನ ಎಷ್ಟೋ ಕೂಟಗಳು ಈ ಪರೀಕ್ಷೆಗೆ ನಿಲ್ಲಲಾರವು.

ನಾಲ್ಕು, ಐದನೆಯ ಶತಮಾನಗಳಲ್ಲಿ ಈ ವಿದ್ಯೆ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಕೈಗೆ ಬಂತು. ಅವರ ಮಾತುಗಳನ್ನು ಪಶ್ಚಿಮಕ್ಕೆ ತಂದ ಜಾನ್ ಕಾಸಿಯನ್, ವಿವೇಚನೆಯಿಲ್ಲದ ಉಪವಾಸ, ಜಾಗರಣೆಗಳು ಸಾಧಕನನ್ನೇ ಕೆಡವುತ್ತವೆ ಎಂಬ ಅಬ್ಬಾ ಮೋಸೆಸರ ಬೋಧನೆಯನ್ನು ದಾಖಲಿಸಿದ. ತನ್ನ ಒಳಗನ್ನು ಹಿರಿಯರೊಬ್ಬರ ಮುಂದೆ ಬಿಚ್ಚಿಡುವುದು ಅಲ್ಲಿನ ಮುಖ್ಯ ಸಾಧನೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠದ ನಿಯಮ ಬರೆದಾಗ, ಮುಖ್ಯ ಸಂಗತಿ ಬಂದಾಗಲೆಲ್ಲ ಮಠಾಧಿಪತಿ ಎಲ್ಲರನ್ನೂ ಕರೆಯಬೇಕು ಎಂದ. ಎಷ್ಟೋ ಸಲ ಕಿರಿಯನ ಬಾಯಿಂದಲೇ ದೇವರು ಒಳ್ಳೆಯದನ್ನು ತಿಳಿಸುತ್ತಾನೆ ಎಂಬುದು ಅವನು ಕೊಟ್ಟ ಕಾರಣ.

ಮುಂದಿನ ದೊಡ್ಡ ಹೆಜ್ಜೆ ಇಗ್ನೇಷಿಯಸ್ ಲೊಯೋಲಾರದು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಮಲಗಿದ್ದ ಈ ಸೈನಿಕ ತನ್ನ ಹಗಲುಗನಸುಗಳನ್ನೇ ಗಮನಿಸತೊಡಗಿದ. ಶೌರ್ಯದ ಕನಸು ಸುಖ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತಿತ್ತು. ಸಂತರ ಬದುಕಿನ ನೆನಪು ಬಹಳ ಹೊತ್ತು ತಂಪಾಗಿ ಉಳಿಯುತ್ತಿತ್ತು. ಈ ವ್ಯತ್ಯಾಸದಿಂದಲೇ ಅವರ ಆತ್ಮಸಾಧನೆಯ ಪುಸ್ತಕ ಬೆಳೆಯಿತು. ಅದಕ್ಕೆ ಪೋಪರ ಒಪ್ಪಿಗೆ ಸಿಕ್ಕಿ ಅಚ್ಚಾದದ್ದು 1548ರಲ್ಲಿ.

ಸಭಾನಾಯಕರಿಗೆ ನಾನು ಹೆಚ್ಚು ಹೇಳಬಯಸುವುದು ಇಗ್ನೇಷಿಯಸರೂ ಅವರ ಸಂಗಡಿಗರೂ 1539ರಲ್ಲಿ ರೋಮಿನಲ್ಲಿ ನಡೆಸಿದ ಸಮಾಲೋಚನೆಯ ಕಥೆ. ಒಬ್ಬರಿಗೆ ವಿಧೇಯರಾಗುವ ವ್ರತ ತೊಟ್ಟು ಒಂದು ಸಂಘವಾಗಬೇಕೇ ಬೇಡವೇ ಎಂಬುದು ಪ್ರಶ್ನೆ. ಹಗಲೆಲ್ಲ ಪ್ರಾರ್ಥನೆ ಮತ್ತು ಎಂದಿನ ಸೇವೆ, ರಾತ್ರಿ ಸಭೆ. ಒಬ್ಬರು ಇನ್ನೊಬ್ಬರ ಮನವೊಲಿಸುವಂತಿಲ್ಲ. ಪ್ರತಿಯೊಬ್ಬರೂ ತಾನು ಈ ಗುಂಪಿಗೆ ಹೊರಗಿನವನು ಎಂಬಂತೆ ಯೋಚಿಸಬೇಕು. ಒಂದು ದಿನ ಎಲ್ಲರೂ ಬೇಡ ಎನ್ನುವುದಕ್ಕೆ ಕಾರಣಗಳನ್ನೇ ಹೇಳಿದರು. ಮರುದಿನ ಎಲ್ಲರೂ ಬೇಕು ಎನ್ನುವುದಕ್ಕೆ. ಪರ ಒಂದು ಪಂಗಡ, ವಿರೋಧ ಒಂದು ಪಂಗಡ ಎಂದು ಒಡೆಯಲು ಜಾಗವೇ ಇರಲಿಲ್ಲ. ಕೆಲವು ತಿಂಗಳು ಹಿಡಿಯಿತು, ತೀರ್ಮಾನ ಸರ್ವಾನುಮತದ್ದಾಯಿತು, ಮರುವರ್ಷ ಯೇಸುಸಭೆ ಅಧಿಕೃತವಾಗಿ ಹುಟ್ಟಿತು. ಚುನಾವಣೆಯ ಗುಂಪುಗಾರಿಕೆಯಲ್ಲಿ ನಲುಗುವ ನಮ್ಮ ಪಾಸ್ಟರೇಟ್ ಕಮಿಟಿಗಳು ಒಮ್ಮೆಯಾದರೂ ಹೀಗೆ ಕೂತು ನೋಡಬೇಕೆಂಬುದು ನನ್ನ ಮನದಾಳದ ಆಸೆ.

ಹದಿನೆಂಟನೆಯ ಶತಮಾನದ ಅಮೆರಿಕ ಈ ಚರಿತ್ರೆಯ ಅತ್ಯಂತ ಕಠಿಣ ಅಧ್ಯಾಯ. ಉಜ್ಜೀವನದ ಅಲೆ ಎದ್ದಾಗ ಜನ ಅಳುತ್ತಿದ್ದರು, ನಡುಗುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. ಇದು ದೇವರ ಕೆಲಸವೇ? ನಾರ್ತಾಂಪ್ಟನ್‌ನ ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ 1741ರಲ್ಲಿ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ಅಳು, ನಡುಕಗಳು ಏನನ್ನೂ ಸಾಬೀತು ಮಾಡುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ನೋಡಬೇಕಾದ್ದು ಕ್ರಿಸ್ತನ ಮೇಲಿನ ಗೌರವ, ಪಾಪದ ಬಗ್ಗೆ ಹೇಸಿಗೆ, ನೆರೆಯವರ ಮೇಲಿನ ಪ್ರೀತಿ. 1746ರ ಅವರ ದೊಡ್ಡ ಗ್ರಂಥ ನಿತ್ಯದ ನಡತೆಯನ್ನೇ ಮುಖ್ಯ ಕುರುಹಾಗಿ ನಿಲ್ಲಿಸಿತು. ಇಷ್ಟು ಸೂಕ್ಷ್ಮವಾಗಿ ಆತ್ಮಗಳನ್ನು ತೂಗಿದ ಅದೇ ಎಡ್ವರ್ಡ್ಸ್ ಮನುಷ್ಯರನ್ನು ಕೊಂಡು ಗುಲಾಮರಾಗಿ ಇಟ್ಟುಕೊಂಡಿದ್ದರು.

ಅದೇ ಕಾಲದಲ್ಲಿ ಕ್ವೇಕರರು ಮತವನ್ನೇ ಎಣಿಸದೆ ಸಭೆ ನಡೆಸುತ್ತಿದ್ದರು. ಮೌನದಲ್ಲಿ ಕೂತು, ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ ಬಂದರೆಂದು ಕಂಡಾಗ ಗುಮಾಸ್ತರು ಅದನ್ನು ಬರೆದು ಓದುತ್ತಾರೆ. ಜಾನ್ ವೂಲ್ಮನ್ ಎಂಬ ದರ್ಜಿ ಊರೂರು ಅಲೆದು, ಗುಲಾಮರನ್ನಿಟ್ಟುಕೊಂಡ ಕ್ವೇಕರರ ಮನೆಯಲ್ಲಿ ಉಳಿದಾಗ ಆ ಗುಲಾಮರ ಸೇವೆಗೆ ಹಣ ಕೊಟ್ಟು, ಒಬ್ಬೊಬ್ಬರ ಜೊತೆ ಮೆಲ್ಲಗೆ ಮಾತಾಡಿ ಸಭೆಯ ಮನಸ್ಸನ್ನು ತಿರುಗಿಸಿದರು. ಫಿಲಡೆಲ್ಫಿಯಾದ ವಾರ್ಷಿಕ ಸಭೆ 1758ರಲ್ಲಿ ಈ ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. 1776ರಲ್ಲಿ, ಗುಲಾಮರನ್ನು ಇಟ್ಟುಕೊಂಡವರಿಗೆ ಸದಸ್ಯತ್ವವಿಲ್ಲ ಎಂದಿತು.

ಆದರೆ ಇಲ್ಲಿಗೇ ಕೊಂಡಾಡಿ ನಿಲ್ಲಿಸುವಂತಿಲ್ಲ. ಜರ್ಮನ್‌ಟೌನಿನ ಕೆಲವು ಕ್ವೇಕರರು ಗುಲಾಮಗಿರಿಯ ವಿರುದ್ಧ ಮನವಿ ಬರೆದದ್ದು 1688ರಲ್ಲೇ. ಅದು ಸಣ್ಣ ಸಭೆಯಿಂದ ದೊಡ್ಡ ಸಭೆಗೆ ಹೋಗುತ್ತ, ಬಹಳ ತೂಕದ ವಿಷಯ ಎಂಬ ಕಾರಣಕ್ಕೆ ಬದಿಗೆ ಸರಿಯಿತು. ನಡುವೆ ಎಂಬತ್ತೆಂಟು ವರ್ಷ. ಆ ಮೌನದ ಸಭೆಗಳಲ್ಲಿ ಗುಲಾಮರು ಕೂತು ಮಾತಾಡುವಂತಿರಲಿಲ್ಲ. ಒಮ್ಮತಕ್ಕೆ ಕಾಯುವ ತಾಳ್ಮೆಯ ಬೆಲೆಯನ್ನು ತೆತ್ತವರು ಮಾತ್ರ ಅವರೇ.

ಭಾರತದ ಉಜ್ಜೀವನವೂ ಈ ಪರೀಕ್ಷೆಗೆ ಒಳಗಾಯಿತು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆ ಬಳಿಯ ಕೇಡಗಾಂವ್‌ನಲ್ಲಿ ಕಟ್ಟಿದ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಹುಡುಗಿಯರು ಅತ್ತು ಪ್ರಾರ್ಥಿಸತೊಡಗಿದರು. ರಮಾಬಾಯಿ ಅದನ್ನು ಹತ್ತಿಕ್ಕಲಿಲ್ಲ. ಬರದಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವರ ಪ್ರಾರ್ಥನೆ ಸಂಭಾವಿತರ ದನಿಯಲ್ಲೇ ಇರಬೇಕೆಂದು ಅವರು ಬಯಸಲಿಲ್ಲ. ಆ ಯುವತಿಯರು ಗುಂಪುಗಳಾಗಿ ಹಳ್ಳಿಗಳಿಗೆ ಹೊರಟರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಅಭ್ಯಾಸ ಮಠ, ಪಂಥಗಳನ್ನು ದಾಟಿ ಸಾಮಾನ್ಯ ಸಭೆಗಳಿಗೆ ಬಂತು. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಕಾಲದ ಕುರುಹುಗಳನ್ನು ಓದುವುದು ಇಡೀ ದೇವಪ್ರಜೆಯ ಕೆಲಸ ಎಂದಿತು. ಅದರ ಬೆನ್ನಿಗೇ 1969ರಲ್ಲಿ ಬೆಂಗಳೂರಿನಲ್ಲಿ ನಡೆದ ಅಖಿಲ ಭಾರತ ವಿಚಾರಗೋಷ್ಠಿ ಧರ್ಮಾಧ್ಯಕ್ಷರು, ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರನ್ನು ಒಂದೆಡೆ ಕೂರಿಸಿತು. ಆಸ್ಟ್ರೇಲಿಯಾದ ಯುನೈಟಿಂಗ್ ಚರ್ಚ್ 1994ರಲ್ಲಿ ಒಮ್ಮತದ ವಿಧಾನ ಹಿಡಿಯಿತು. ಬಹುಮತದಲ್ಲಿ ಸದಾ ಸೋಲುತ್ತಿದ್ದೇವೆಂಬ ಆರ್ಥೊಡಾಕ್ಸ್ ಸಭೆಗಳ ನೋವಿಗೆ ಕಿವಿಗೊಟ್ಟು, ಚರ್ಚುಗಳ ವಿಶ್ವಮಂಡಳಿಯೂ 2006ರ ಪೋರ್ಟೊ ಅಲೆಗ್ರೆ ಮಹಾಸಭೆಯಲ್ಲಿ ಅದನ್ನೇ ಬಳಸಿತು. ಮಾತು ಹಿಡಿಸಿದರೆ ಕಿತ್ತಳೆ ಕಾರ್ಡು, ಹಿಡಿಸದಿದ್ದರೆ ನೀಲಿ ಕಾರ್ಡು.

ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಸಿನೊಡ್ ಈ ಎಲ್ಲ ಎಳೆಗಳನ್ನು ಒಂದುಮಾಡಿತು. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಕಾರ್ಡಿನಲರೂ ಗೃಹಸ್ಥರೂ ದುಂಡು ಮೇಜುಗಳ ಸುತ್ತ ಸಮನಾಗಿ ಕೂತರು. ಮಹಿಳೆಯರಿಗೆ ಮೊದಲ ಬಾರಿಗೆ ಮತದ ಹಕ್ಕು ಸಿಕ್ಕಿತು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನೆಯ ಫಲ ಹೇಳಬೇಕು. ಮೌನದ ನಂತರ ಎರಡನೆಯ ಸುತ್ತು: ತನ್ನ ಮಾತಿನ ಸಮರ್ಥನೆ ಬಿಟ್ಟು, ಬೇರೆಯವರ ಯಾವ ಮಾತು ತನ್ನನ್ನು ತಟ್ಟಿತು ಎಂಬುದನ್ನು ಹೇಳಬೇಕು. ಒಪ್ಪಿಗೆ, ಭಿನ್ನಮತಗಳೆರಡನ್ನೂ ಮೂರನೆಯ ಸುತ್ತಿನಲ್ಲಿ ಗುರುತಿಸಬೇಕು. ವಾದ ಮಾಡಿ ಪಳಗಿದವರಿಗೆ ಎರಡನೆಯ ಸುತ್ತೇ ಕಷ್ಟ, ಅದೇ ಈ ವಿಧಾನದ ಜೀವ.

ಸಿನೊಡಿನ ಅಂತಿಮ ದಾಖಲೆ 2024ರ ಅಕ್ಟೋಬರಿನಲ್ಲಿ ಬಂತು. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಕಡ್ಡಾಯವಾಗಬೇಕೆಂಬ ಒತ್ತಾಯ ಅದರಲ್ಲಿದೆ. ಅದನ್ನು ಜಾರಿಗೆ ತಂದದ್ದರ ಲೆಕ್ಕ ನೋಡಲು 2028ರಲ್ಲಿ ರೋಮಿನಲ್ಲಿ ಮತ್ತೊಂದು ಸಮಾವೇಶ ಸೇರಲಿದೆ. ಅಷ್ಟರೊಳಗೆ ಆಗಬೇಕಾದ ಕೆಲಸವೆಲ್ಲ ಧರ್ಮಕೇಂದ್ರದ ಮಟ್ಟದ್ದು: ಪರಿಷತ್ತಿಗೆ ಯಾರನ್ನು ಕರೆಯುವುದು, ಕೂಲಿಗೆ ಹೋಗುವವರೂ ಬರಬಹುದಾದ ಹೊತ್ತಿಗೆ ಸಭೆ ಇಡುವುದು, ಅಲ್ಲಿ ದಲಿತ ಕುಟುಂಬದ ಹೆಣ್ಣುಮಗಳೊಬ್ಬಳು ಎದ್ದು ಮಾತಾಡಿದರೆ ಆ ಮಾತು ನಡಾವಳಿ ಪುಸ್ತಕಕ್ಕೆ ಅವಳು ಹೇಳಿದಂತೆಯೇ ಏರುವ ಹಾಗೆ ನೋಡಿಕೊಳ್ಳುವುದು.